ಅಂಕಣದ ಬಾಳು

ಚಿತ್ರದುರ್ಗದ ಕೋಟೆಯನ್ನು ಜನರು ಏಳು ಸುತ್ತಿನ ಕೋಟೆಯೆಂದು ಕರೆಯುತ್ತಾರೆ. ಹೊರಗಿನ ಸುತ್ತನ್ನು ದಾಟಿದವನಿಗೆ ಒಳಗಿನ ಸುತ್ತು ಎದುರಾಗುತ್ತದೆ. ಅದನ್ನೂ ದಾಟಿದರೆ ಮತ್ತೊಂದು ತಿರುವು, ಮತ್ತೊಂದು ಬಾಗಿಲು. ಈ ಕೋಟೆಯ ಒಂದು ಕಿಂಡಿಯ ಬಳಿ ನಿಂತು, ಒಬ್ಬೊಬ್ಬರಾಗಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದುರುಳಿಸಿದ ಓಬವ್ವನ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಆಕೆಯ ಹೆಸರನ್ನು ಹೊತ್ತ ಕ್ರೀಡಾಂಗಣವೊಂದು ಇಂದು ದುರ್ಗದಲ್ಲಿದೆ.

ಆ ಕ್ರೀಡಾಂಗಣದ ಅಂಚಿನಲ್ಲಾಗಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಯಾವುದಾದರೊಂದು ಶಾಲೆಯ ಬಯಲಿನಲ್ಲಾಗಲಿ ಸಂಜೆಯ ಹೊತ್ತು ನಿಂತರೆ ನಮಗೆಲ್ಲ ಪರಿಚಿತವಾದ ಒಂದು ಧ್ವನಿ ಕೇಳಿಸುತ್ತದೆ: ‘ಕಬಡ್ಡಿ, ಕಬಡ್ಡಿ, ಕಬಡ್ಡಿ...’ ಸುಣ್ಣದ ಪುಡಿಯಿಂದ ಎಳೆದ ಒಂದು ಗೆರೆ. ಗೆರೆಯಾಚೆ ಏಳು ಮಂದಿ. ಅವರ ನಡುವೆ ಒಬ್ಬರೇ ಉಸಿರು ಹಿಡಿದು ಒಳಹೋಗುತ್ತಾರೆ. ಓಬವ್ವನ ಕಿಂಡಿಯಲ್ಲಿ ಕಾದವಳು ಒಬ್ಬಳು, ನುಗ್ಗಿದವರು ಹಲವರು. ಇಲ್ಲಿಯ ಲೆಕ್ಕ ತಲೆಕೆಳಗು. ನುಗ್ಗುವವರು ಒಬ್ಬರು, ಕಾಯುವವರು ಏಳು ಮಂದಿ.

ಬಾಲ್ಯದಲ್ಲಿ ಈ ಆಟವನ್ನು ಆಡದವರು ನಮ್ಮ ನಾಡಿನಲ್ಲಿ ಅಪರೂಪ. ಮೊಣಕೈ ತರಚಿಕೊಂಡು, ಅಂಗಿ ಹರಿದುಕೊಂಡು, ಮನೆಯಲ್ಲಿ ಬೈಸಿಕೊಂಡು, ಕೆಲವು ವರ್ಷಗಳ ಬಳಿಕ ನಾವು ಅದನ್ನು ಮರೆತುಬಿಡುತ್ತೇವೆ. ಮರೆಯದೆ ಅದನ್ನೇ ಬಾಳಿನ ಕಸುಬಾಗಿ ಮಾಡಿಕೊಂಡವರೂ ಇದ್ದಾರೆ. ಅವರು ಗಳಿಸಿದ ಪದಕಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅವರು ಅನ್ನವನ್ನು ಹೇಗೆ ಸಂಪಾದಿಸುತ್ತಾರೆ, ಮೈಯಲ್ಲಿ ಕಸುವು ಕುಂದಿದ ಮೇಲೆ ಏನು ಮಾಡುತ್ತಾರೆ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಮೆ.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಮಹಿಳೆಯರ ಕಬಡ್ಡಿ ಅಂಕಣವು ಹನ್ನೆರಡು ಮೀಟರು ಉದ್ದ, ಎಂಟು ಮೀಟರು ಅಗಲವಿರುತ್ತದೆ. ಅದನ್ನು ಮಧ್ಯಗೆರೆ ಎರಡಾಗಿ ಸೀಳುತ್ತದೆ. ಎಂದರೆ ಒಂದು ತಂಡಕ್ಕೆ ದೊರೆಯುವ ನೆಲ ನಮ್ಮ ಶಾಲೆಯ ಒಂದು ತರಗತಿಯ ಕೋಣೆಯಷ್ಟು ಮಾತ್ರ. ಅಷ್ಟು ಇಕ್ಕಟ್ಟಾದ ಸ್ಥಳದಲ್ಲಿ ಏಳು ಮಂದಿ ಕೈಗೆ ಕೈ ಜೋಡಿಸಿ ನಿಂತಿರುವಾಗ ದಾಳಿಗಾರ್ತಿ ಒಳನುಗ್ಗಿ, ಯಾರನ್ನಾದರೂ ಮುಟ್ಟಿ, ಹಿಡಿತಕ್ಕೆ ಸಿಕ್ಕದೆ ಮರಳಬೇಕು. ಬಾಯಲ್ಲಿ ‘ಕಬಡ್ಡಿ’ ಎಂಬ ಉಚ್ಚಾರ ಎಡೆಬಿಡದೆ ಸಾಗುತ್ತಿರಬೇಕು. ಹಿಂದೆ ಉಸಿರೊಂದೇ ಅದರ ಗಡಿಯಾರವಾಗಿದ್ದಿತು. ಈಗ ಉಸಿರಿನ ಜೊತೆಗೆ ಮೂವತ್ತು ಸೆಕೆಂಡುಗಳ ಕಾಲಮಿತಿಯೂ ಸೇರಿದೆ. ಹದಿನೈದು ನಿಮಿಷಗಳ ಎರಡು ಅವಧಿಗಳಲ್ಲಿ ಮಹಿಳೆಯರ ಪಂದ್ಯ ಮುಗಿದುಹೋಗುತ್ತದೆ.

ಮೂವತ್ತು ಸೆಕೆಂಡು ಎಂದರೆ ಬಹು ಸ್ವಲ್ಪವೆಂದು ತೋರಬಹುದು. ದಾಳಿಗೆ ಹೋದವರಿಗೆ ಅದು ದೀರ್ಘವಾದ ಕಾಲ. ಎಡ ಮೂಲೆಯಲ್ಲಿ ನಿಂತವರ ಕಣ್ಣು ತಮ್ಮ ಕಣಕಾಲಿನ ಮೇಲಿದೆಯೆ, ಬಲ ಮೂಲೆಯವರು ಒಂದು ಹೆಜ್ಜೆ ಮುಂದೆ ಬಂದಿರುವುದು ತಪ್ಪಿನಿಂದಲೋ ಬಲೆಯೊಡ್ಡುವುದಕ್ಕೋ, ನಡುವಿನವರು ಸರಪಳಿಯಾಗಿ ಸುತ್ತುವರಿದರೆ ಮಧ್ಯಗೆರೆ ಎಷ್ಟು ದೂರ ಎಂಬುದನ್ನೆಲ್ಲ ಉಚ್ಚಾರ ನಿಲ್ಲಿಸದೆ ಅವರು ಅಳೆಯಬೇಕು. ಹಿಡಿಯುವವರ ಕೆಲಸವೂ ಇದಕ್ಕಿಂತ ಸುಲಭವಲ್ಲ. ಒಬ್ಬರು ಅರೆಕ್ಷಣ ಮುಂಚೆ ಕೈ ಹಾಕಿದರೆ ಸಾಕು, ಉಳಿದವರ ಕೂಟ ಮುರಿದು ದಾಳಿಗಾರ್ತಿ ಅಂಕಗಳೊಡನೆ ಗೆರೆ ಸೇರುತ್ತಾಳೆ. ಬಲವೊಂದರಿಂದಲೇ ಗೆಲ್ಲುವ ಆಟವೆಂದು ಕಬಡ್ಡಿಯನ್ನು ಹಳಿಯುವವರು ಅದನ್ನು ಸರಿಯಾಗಿ ನೋಡಿದವರಲ್ಲವೆಂದೇ ನನ್ನ ಅಭಿಪ್ರಾಯ.

ಏಳು ಮಂದಿಯ ಇಂತಹ ಸೆಣಸಾಟ ನಮ್ಮ ದೇಶದಲ್ಲಿ ಮಾತ್ರ ಹುಟ್ಟಿದುದಲ್ಲ. ಪಶ್ಚಿಮದಲ್ಲಿ ಕಬಡ್ಡಿಗೆ ಒಬ್ಬ ದಾಯಾದಿ ಇದ್ದಾನೆ. ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಪುಟ್ಟ ಊರಿನ ರಗ್ಬಿ ಕ್ಲಬ್ಬಿಗೆ 1883ರಲ್ಲಿ ಹಣದ ಅಡಚಣೆಯುಂಟಾಯಿತು. ಪ್ರೇಕ್ಷಕರನ್ನು ಸೇರಿಸಲು ಒಂದೇ ದಿನ ಹಲವು ಪಂದ್ಯಗಳನ್ನು ಆಡಿಸಬೇಕು. ಆದರೆ ರಗ್ಬಿ ಹದಿನೈದು ಮಂದಿಯ ದೀರ್ಘವಾದ ಆಟ. ಮಾಂಸದಂಗಡಿಯಲ್ಲಿ ದುಡಿಯುತ್ತಿದ್ದ ನೆಡ್ ಹೇಗ್ ಎಂಬಾತ ತಂಡವನ್ನು ಏಳಕ್ಕೆ ಇಳಿಸಿ, ಆಟದ ಹೊತ್ತನ್ನು ಮೊಟಕುಗೊಳಿಸುವ ಉಪಾಯವನ್ನು ಸೂಚಿಸಿದನು. ಮೈದಾನದ ಅಳತೆ ಮಾತ್ರ ಮೊದಲಿನದೇ ಉಳಿಯಿತು. ಹೀಗೆ ಏಳರ ರಗ್ಬಿ ಹುಟ್ಟಿತು. ಇಂದು ಏಳು ನಿಮಿಷಗಳ ಎರಡು ಅವಧಿಗಳು ಸೇರಿ ಹದಿನಾಲ್ಕು ನಿಮಿಷಗಳಲ್ಲಿ ಪಂದ್ಯ ಮುಗಿಯುತ್ತದೆ. ಹದಿನೈದು ಮಂದಿ ಹಂಚಿಕೊಳ್ಳುವ ಬಯಲನ್ನು ಏಳೇ ಮಂದಿ ಕಾಯಬೇಕಾದುದರಿಂದ ಆಟಗಾರರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅಂಡಾಕಾರದ ಚೆಂಡನ್ನು ಬಗಲಿಗೊತ್ತಿಕೊಂಡು ಎದುರಾಳಿಯ ನೆಲಕ್ಕೆ ನುಗ್ಗುವವರನ್ನು ಉಳಿದವರು ಕಾಲಿಗೆ, ಸೊಂಟಕ್ಕೆ ಕೈ ಹಾಕಿ ಕೆಡಹುತ್ತಾರೆ. ಚೆಂಡೊಂದನ್ನು ಬದಿಗಿಟ್ಟು ನೋಡಿದರೆ ಇದು ನಮ್ಮ ಹುಡುಗರಿಗೆ ಅಪರಿಚಿತವಾದ ಆಟವಾಗಿ ಕಾಣುವುದಿಲ್ಲ.

ಈ ದಾಯಾದಿಯ ಸಂಗತಿಗೆ ಮುಂದೆ ಮರಳೋಣ. ಈಗ ನಮ್ಮವರೇ ಆದ ಒಬ್ಬ ಕ್ರೀಡಾಪಟುವಿನ ಬಾಳನ್ನು ನೋಡೋಣ.

ದುರ್ಗದ ಬಯಲಿನಲ್ಲಿ ಬಂಡೆ, ಬಿಸಿಲು, ಕುರುಚಲು ಗಿಡ. ಅಲ್ಲಿಂದ ಪಶ್ಚಿಮಕ್ಕೆ ನಡೆದು, ಘಟ್ಟವನ್ನಿಳಿದರೆ ಬೇರೊಂದು ಲೋಕ ಕಾಣುತ್ತದೆ. ಅಲ್ಲಿ ಮಳೆ, ಕಾಡು, ಕೆಂಪು ಮಣ್ಣಿನ ಗದ್ದೆಬಯಲು. ಉಡುಪಿ ಜಿಲ್ಲೆಯ ಕಾರ್ಕಳದ ಸೀಮೆಯಲ್ಲಿ ಹೆರ್ಮುಂಡೆ ಎಂಬ ಹಳ್ಳಿಯಿದೆ. ಮಮತಾ ಪೂಜಾರಿಯವರು ಹುಟ್ಟಿ ಬೆಳೆದ ಊರು ಅದು. ಅವರದು ಕೃಷಿಕ ಕುಟುಂಬ. ಶಾಲೆಯ ದಿನಗಳಲ್ಲಿ ಅವರು ವಾಲಿಬಾಲ್ ಆಡಿದರು, ಗುಂಡೆಸೆತದಲ್ಲಿ ಭಾಗವಹಿಸಿದರು. ಕಬಡ್ಡಿಗೆ ಬಂದುದು ಆಮೇಲೆ. ಆದರೂ ಮೊದಲಿನ ಆಟಗಳು ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು. ಗುಂಡೆಸೆಯುವವರ ತೋಳಿಗೂ ಭುಜಕ್ಕೂ ಬರುವ ಕಸುವು, ವಾಲಿಬಾಲ್ ಆಡುವವರಿಗೆ ಒದಗುವ ನೆಗೆತ ಇವೆರಡೂ ಕಬಡ್ಡಿ ಅಂಕಣದಲ್ಲಿ ಉಪಯೋಗಕ್ಕೆ ಬರುವಂಥವು.

ಹಳ್ಳಿಯ ಹೆಣ್ಣುಮಗಳೊಬ್ಬಳು ಆಟವನ್ನೇ ನೆಚ್ಚಿ ಬದುಕುತ್ತೇನೆಂದರೆ ಕೇಳಿದವರು ಹುಬ್ಬೇರಿಸುವುದು ಸಹಜ. ಆಟ ಹೊಟ್ಟೆ ತುಂಬಿಸೀತೆ ಎಂಬ ಪ್ರಶ್ನೆ ಹುಡುಗರನ್ನೂ ಬಿಡುವುದಿಲ್ಲ. ಹುಡುಗಿಯರನ್ನು ಅದು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಉತ್ತರ ಕೊಡುತ್ತ ಬಂದಿರುವ ಸಂಸ್ಥೆಗಳಲ್ಲಿ ರೈಲ್ವೆ ಇಲಾಖೆ ಮುಖ್ಯವಾದುದು. ಒಳ್ಳೆಯ ಆಟಗಾರರನ್ನು ಅದು ಕ್ರೀಡಾಪಟುಗಳ ಮೀಸಲಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ. ಅವರು ರೈಲ್ವೆಯ ತಂಡದಲ್ಲಿ ಆಡುತ್ತಾರೆ, ತಿಂಗಳಿಗೊಮ್ಮೆ ಸಂಬಳ ಪಡೆಯುತ್ತಾರೆ, ಆಟ ಮುಗಿದ ಮೇಲೂ ಉದ್ಯೋಗದಲ್ಲಿ ಮುಂದುವರಿಯುತ್ತಾರೆ. ಮಮತಾ ಅವರು ದಕ್ಷಿಣ ಮಧ್ಯ ರೈಲ್ವೆಯನ್ನು ಸೇರಿದರು. ಅದರ ಕೇಂದ್ರ ಕಚೇರಿ ಇರುವುದು ಸಿಕಂದರಾಬಾದಿನಲ್ಲಿ. ತವರಿನಿಂದ ಬಹುದೂರದ ಆ ನಗರದಲ್ಲಿ ದೊರೆತ ಕೆಲಸವೇ ಅವರ ಆಟಕ್ಕೆ ಊರುಗೋಲಾಯಿತು. ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ರೈಲ್ವೆಯ ಮಹಿಳಾ ತಂಡ ಅಷ್ಟು ಪ್ರಬಲವಾಗಿರುವುದರ ಕಾರಣವೂ ಇದೇ. ನಾನಾ ರಾಜ್ಯಗಳ ಉತ್ತಮ ಆಟಗಾರ್ತಿಯರು ಕೆಲಸವನ್ನು ಅರಸಿ ಅಲ್ಲಿಗೆ ಬರುತ್ತಾರೆ.

ಕಬಡ್ಡಿ ಒಲಿಂಪಿಕ್ ಕ್ರೀಡೆಯಲ್ಲ. ಆದುದರಿಂದ ನಾಲ್ಕು ವರ್ಷಗಳಿಗೊಮ್ಮೆ ಬರುವ ಏಷ್ಯನ್ ಕ್ರೀಡಾಕೂಟವೇ ಅದರ ಆಟಗಾರರ ಪಾಲಿಗೆ ಮಹಾವೇದಿಕೆ. ಅಲ್ಲಿ ಪುರುಷರ ಕಬಡ್ಡಿಗೆ 1990ರಲ್ಲಿ, ಬೀಜಿಂಗಿನಲ್ಲಿ, ಪದಕದ ಸ್ಪರ್ಧೆಯ ಸ್ಥಾನ ದೊರೆಯಿತು. ಮಹಿಳೆಯರು ಮತ್ತೂ ಇಪ್ಪತ್ತು ವರ್ಷ ಕಾಯಬೇಕಾಯಿತು. ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಮಂದಿ ಒಳ್ಳೆಯ ಆಟಗಾರ್ತಿಯರು ಆಡಿ, ಅಂತರರಾಷ್ಟ್ರೀಯ ಪದಕವೊಂದರ ಅವಕಾಶವೂ ಇಲ್ಲದೆ ಅಂಕಣವನ್ನು ತೊರೆದರೋ! ದಾಖಲೆಗಳ ಪುಸ್ತಕದಲ್ಲಿ ಅವರ ಹೆಸರಿಲ್ಲ.

2010ರಲ್ಲಿ ಚೀನದ ಗುವಾಂಗ್‌ಝೌ ನಗರದಲ್ಲಿ ನಡೆದ ಕೂಟದಲ್ಲಿ ಮಹಿಳೆಯರ ಕಬಡ್ಡಿ ಮೊದಲ ಬಾರಿಗೆ ಸೇರಿತು. ಅಂತಿಮ ಪಂದ್ಯದಲ್ಲಿ ಭಾರತವು ಥಾಯ್ಲೆಂಡನ್ನು 28–14 ಅಂಕಗಳಿಂದ ಸೋಲಿಸಿತು. ಆ ತಂಡದಲ್ಲಿ ಕರ್ನಾಟಕದ ಇಬ್ಬರಿದ್ದರು: ಒಬ್ಬರು ಮಮತಾ ಪೂಜಾರಿ, ಇನ್ನೊಬ್ಬರು ತೇಜಸ್ವಿನಿ ಬಾಯಿ. ಎರಡು ವರ್ಷಗಳ ಅನಂತರ, 2012ರ ಮಾರ್ಚ್ ತಿಂಗಳಿನಲ್ಲಿ, ಮಹಿಳೆಯರ ಮೊದಲ ವಿಶ್ವಕಪ್ ಪಂದ್ಯಾವಳಿ ಪಟ್ನಾದಲ್ಲಿ ನಡೆಯಿತು. ಹದಿನಾರು ದೇಶಗಳು ಬಂದಿದ್ದ ಆ ಕೂಟದಲ್ಲಿ ಭಾರತ ತಂಡದ ನಾಯಕತ್ವವನ್ನು ವಹಿಸಿದವರು ಮಮತಾ ಅವರೇ. ಅಂತಿಮ ಪಂದ್ಯದಲ್ಲಿ ಇರಾನ್ ದೇಶದ ಆಟಗಾರ್ತಿಯರು ಕಡೆಯವರೆಗೂ ಕಾಡಿದರು. ಭಾರತ 25, ಇರಾನ್ 19.

ಇರಾನಿನ ಹೆಸರು ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2014ರಲ್ಲಿ ದಕ್ಷಿಣ ಕೊರಿಯದ ಇಂಚೆಯಾನ್ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ತೇಜಸ್ವಿನಿ ಬಾಯಿಯವರ ನಾಯಕತ್ವದ ತಂಡ ಅದೇ ದೇಶವನ್ನು 31–21ರಿಂದ ಮಣಿಸಿತು. ಮಮತಾ ಅವರಿಗೆ ಎರಡನೆಯ ಸ್ವರ್ಣಪದಕ ದೊರೆತುದು ಅಲ್ಲಿ. ಆದರೆ ನಾಲ್ಕು ವರ್ಷಗಳ ಬಳಿಕ, 2018ರಲ್ಲಿ, ಜಕಾರ್ತದಲ್ಲಿ ಇರಾನ್ 27–24ರಿಂದ ಗೆದ್ದು ಸ್ವರ್ಣವನ್ನು ಕಿತ್ತುಕೊಂಡಿತು. ಅದೇ ಕೂಟದಲ್ಲಿ ಭಾರತದ ಪುರುಷರೂ ಇರಾನಿಗೆ ಸೋತರು. ನಮ್ಮ ಮಣ್ಣಿನ ಆಟ, ಇದರಲ್ಲಿ ನಮ್ಮನ್ನು ಮೀರಿಸುವವರಾರು ಎಂಬ ನಿಶ್ಚಿಂತೆ ಆ ವರ್ಷ ಮುರಿಯಿತು.

ಪ್ರಶಸ್ತಿಗಳ ಮಾತನ್ನು ಬೇಗನೆ ಮುಗಿಸಬಹುದು. ಕರ್ನಾಟಕದ ಕಬಡ್ಡಿ ಪಟುಗಳಲ್ಲಿ ಸಿ. ಹೊನ್ನಪ್ಪ ಅವರಿಗೆ 2000ದ, ಬಿ. ಸಿ. ರಮೇಶ್ ಅವರಿಗೆ 2001ರ, ತೇಜಸ್ವಿನಿ ಬಾಯಿಯವರಿಗೆ 2011ರ, ಮಮತಾ ಪೂಜಾರಿಯವರಿಗೆ 2014ರ ಅರ್ಜುನ ಪ್ರಶಸ್ತಿ ಸಂದಿತು.

ಪದಕಗಳಿಗಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಬೇರೆಯಿದೆ. 2014ರ ಜುಲೈ ತಿಂಗಳಿನಲ್ಲಿ ಪ್ರೊ ಕಬಡ್ಡಿ ಲೀಗ್ ಎಂಬ ಪಂದ್ಯಾವಳಿ ಎಂಟು ತಂಡಗಳೊಡನೆ ಆರಂಭವಾಯಿತು. ಆಟ ಮಣ್ಣಿನಿಂದ ಮ್ಯಾಟಿನ ಮೇಲಕ್ಕೂ, ಬಯಲಿನಿಂದ ಒಳಾಂಗಣಕ್ಕೂ, ಅಲ್ಲಿಂದ ಮನೆಮನೆಯ ದೂರದರ್ಶನದ ತೆರೆಗೂ ಬಂದಿತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಪದ್ಧತಿ ಬಂದಿತು. (ಮನುಷ್ಯರ ವಿಷಯದಲ್ಲಿ ಹರಾಜು ಎಂಬ ಮಾತು ಕಿವಿಗೆ ಹಿತವಲ್ಲ, ಆದರೂ ಕ್ರೀಡಾಲೋಕ ಅದನ್ನು ಒಪ್ಪಿಕೊಂಡಿದೆ.) ಮೊದಲ ವರ್ಷ ಅತ್ಯಧಿಕ ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ದೊರೆತುದು 12 ಲಕ್ಷ 80 ಸಾವಿರ ರೂಪಾಯಿ. ಒಂಬತ್ತು ವರ್ಷಗಳ ಅನಂತರ, 2023ರ ಹರಾಜಿನಲ್ಲಿ, ಪವನ್ ಸೆಹ್ರಾವತ್ ಅವರಿಗೆ ನಿಗದಿಯಾದ ಮೊತ್ತ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿ. ಹೀಗೆ ಪುರುಷರ ಪಾಲಿಗೆ ಕಬಡ್ಡಿ ನಿಜವಾದ ವೃತ್ತಿಯಾಯಿತು.

ಮಹಿಳೆಯರ ಪಾಲಿಗೆ? 2016ರಲ್ಲಿ ಪುರುಷರ ಲೀಗಿನ ಜೊತೆಯಲ್ಲೇ ಮಹಿಳೆಯರಿಗಾಗಿ ಮೂರು ತಂಡಗಳ ಒಂದು ಪಂದ್ಯಾವಳಿಯನ್ನು ಏರ್ಪಡಿಸಿದರು. ಫೈರ್ ಬರ್ಡ್ಸ್ ತಂಡಕ್ಕೆ ಮಮತಾ ನಾಯಕಿ, ಸ್ಟಾರ್ಮ್ ಕ್ವೀನ್ಸ್ ತಂಡಕ್ಕೆ ತೇಜಸ್ವಿನಿ ನಾಯಕಿ. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕದ ಈ ಇಬ್ಬರು ನಾಯಕಿಯರೇ ಎದುರುಬದುರಾದರು. ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23. ಒಂದೇ ಅಂಕದ ಅಂತರ! ಪ್ರೇಕ್ಷಕರಿಗೆ ಇದಕ್ಕಿಂತ ರಸವತ್ತಾದ ಪಂದ್ಯ ಬೇಕೆ? ಮರುವರ್ಷ ಆ ಪಂದ್ಯಾವಳಿ ನಡೆಯಲಿಲ್ಲ. ಆಮೇಲೆ ಬೇರೆಯವರು ಮಾಡಿದ ಪ್ರಯತ್ನಗಳೂ ಪುರುಷರ ಲೀಗಿನಂತೆ ಬೇರು ಬಿಡಲಿಲ್ಲ. ಪುರುಷರ ಲೀಗು ಮಾತ್ರ 2025ರಲ್ಲಿ ತನ್ನ ಹನ್ನೆರಡನೆಯ ಆವೃತ್ತಿಯನ್ನು ಕಂಡಿತು. ಅದೇ ಅಳತೆಯ ಸಾಹಸ, ಅದೇ ಬೆವರು; ಆದರೆ ಆಟಗಾರ್ತಿಯ ಆಧಾರ ಮೊದಲಿನಂತೆಯೇ ರೈಲ್ವೆಯದೋ ಪೊಲೀಸ್ ಇಲಾಖೆಯದೋ ಉದ್ಯೋಗ. ಅದು ಸಿಕ್ಕದಿದ್ದರೆ ಅವಳು ಮನೆಗೆ ಮರಳಬೇಕು.

ಮೊದಲು ಹೇಳಿದ ದಾಯಾದಿಯ ಕಥೆಯನ್ನು ಈಗ ನೆನೆಯಬೇಕು. ಏಳರ ರಗ್ಬಿಗೆ ಒಲಿಂಪಿಕ್ ಬಾಗಿಲು ತೆರೆದುದು 2016ರಲ್ಲಿ, ರಿಯೊ ನಗರದಲ್ಲಿ. ಪುರುಷರಿಗೂ ಮಹಿಳೆಯರಿಗೂ ಒಮ್ಮೆಲೇ ತೆರೆಯಿತು. ಪುರುಷರ ಅಂತಿಮ ಪಂದ್ಯದಲ್ಲಿ, ಸುಮಾರು ಒಂಬತ್ತು ಲಕ್ಷ ಜನರಿರುವ ಫಿಜಿ ದ್ವೀಪರಾಷ್ಟ್ರವು ಬ್ರಿಟನ್ನಿನ ತಂಡವನ್ನು 43–7ರಿಂದ ಸೋಲಿಸಿತು. ಫಿಜಿ ದೇಶವು ಒಲಿಂಪಿಕ್ಸಿನಲ್ಲಿ ಗಳಿಸಿದ ಮೊಟ್ಟಮೊದಲ ಪದಕ ಅದು. ಆ ತಂಡದಲ್ಲಿ ಜೆರಿ ತುವಾಯ್ ಎಂಬ ಆಟಗಾರನಿದ್ದನು. ರಾಜಧಾನಿ ಸುವಾದ ಬಳಿಯ ಬಡವರ ಗುಡಿಸಲುಗಳ ನಡುವೆ ಬೆಳೆದ ಅವನು ಬಾಲ್ಯದಲ್ಲಿ ಚೆಂಡಿಲ್ಲದೆ ಪ್ಲಾಸ್ಟಿಕ್ ಸೀಸೆಯನ್ನು ಹಿಡಿದು ಆಡುತ್ತಿದ್ದನು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವನೇ ನಾಯಕನಾಗಿ, ನ್ಯೂಜಿಲೆಂಡನ್ನು 27–12ರಿಂದ ಗೆದ್ದು, ಎರಡನೆಯ ಸ್ವರ್ಣವನ್ನು ತಂದನು. ಹೆರ್ಮುಂಡೆಯ ಹುಡುಗಿಗೂ ಸುವಾದ ಹುಡುಗನಿಗೂ ಸಾಗರಗಳ ಅಂತರ. ದಾರಿ ಮಾತ್ರ ಹತ್ತಿರಹತ್ತಿರವೇ. ನಮ್ಮ ದೇಶದಲ್ಲಿಯೂ ಏಳರ ರಗ್ಬಿಯನ್ನು ವೃತ್ತಿಯಾಗಿಸುವ ಯತ್ನ ಆರಂಭವಾಗಿದೆ. 2025ರ ಜೂನ್ ತಿಂಗಳಿನಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗಿನ ಆರು ತಂಡಗಳಲ್ಲಿ ಒಂದು ಬೆಂಗಳೂರಿನ ಹೆಸರಿನದು. ಆ ಅಂಡಾಕಾರದ ಚೆಂಡು ನಮ್ಮ ಊರುಗಳ ಶಾಲೆಗಳಿಗೂ ಎಂದಾದರೂ ಉರುಳಿ ಬಂದರೆ, ಹಿಡಿಯುವುದನ್ನೂ ತಪ್ಪಿಸಿಕೊಳ್ಳುವುದನ್ನೂ ಕಬಡ್ಡಿಯಿಂದ ಮೊದಲೇ ಕಲಿತ ಮಕ್ಕಳು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ.

ಯಾವ ಆಟವಾದರೂ ಸರಿ, ಇಂತಹ ಬಾಳಿಗೆ ಒಂದು ಕಠಿಣವಾದ ನಿಯಮವಿದೆ. ಇತರ ಕಸುಬುಗಳಲ್ಲಿ ವಯಸ್ಸಿನೊಡನೆ ಅನುಭವ ಬೆಳೆದು ಬೆಲೆ ಹೆಚ್ಚುತ್ತದೆ. ಬಡಗಿಯ ಕೈ ಐವತ್ತರಲ್ಲಿ ಪಳಗಿರುತ್ತದೆ. ಉಪಾಧ್ಯಾಯರ ಮಾತು ಐವತ್ತರಲ್ಲಿ ಹದಗೊಂಡಿರುತ್ತದೆ. ಕಬಡ್ಡಿ ಆಟಗಾರರ ಮೊಣಕಾಲು ಮೂವತ್ತೈದನ್ನು ಕಾಯುವುದೂ ಕಷ್ಟ. ಓಡುತ್ತಿರುವಾಗ ತಟ್ಟನೆ ತಿರುಗುವುದು, ಹಿಡಿದವರ ಭಾರವನ್ನು ಒಂದೇ ಕಾಲಿನ ಮೇಲೆ ಹೊತ್ತು ಗೆರೆಯ ಕಡೆಗೆ ಚಾಚುವುದು ಇವುಗಳಿಂದ ಮೊಣಕಾಲಿನ ಕಟ್ಟುಗಳು ಹರಿಯುತ್ತವೆ. ಭುಜ ಸರಿಯುತ್ತದೆ, ಬೆರಳು ಮುರಿಯುತ್ತದೆ. ಆರು ತಿಂಗಳು ಹಾಸಿಗೆ ಹಿಡಿದು ಎದ್ದವರು ತಮ್ಮ ಸ್ಥಾನದಲ್ಲಿ ಹೊಸಬರು ನಿಂತಿರುವುದನ್ನು ಕಾಣುತ್ತಾರೆ. ದೇಹದ ತೂಕಕ್ಕೂ ಮಿತಿಯಿರುವುದರಿಂದ ಊಟವೂ ಲೆಕ್ಕದ ಊಟ. ಹಬ್ಬದ ಹೋಳಿಗೆಯನ್ನು ಎದುರಿಗಿಟ್ಟುಕೊಂಡು ಒಂದೇ ಸಾಕೆನ್ನುವ ಹಿಂಸೆಯನ್ನು ಪದಕಗಳ ಪಟ್ಟಿ ಹೇಳುವುದಿಲ್ಲ.

ಹಾಗಾದರೆ ಅಂಕಣವನ್ನು ಬಿಟ್ಟ ಮೇಲೇನು? ಕೆಲವರು ಕಚೇರಿಯ ಮೇಜಿಗೆ ಮರಳುತ್ತಾರೆ. ಕೆಲವರು ಆಟವನ್ನು ಇನ್ನೊಬ್ಬರ ಮೈಯಲ್ಲಿ ಮುಂದುವರಿಸುತ್ತಾರೆ. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸ್ವರ್ಣ ಗೆದ್ದ ತಂಡದಲ್ಲಿದ್ದ ಬಿ. ಸಿ. ರಮೇಶ್ ಅವರು ತರಬೇತುದಾರರಾದರು. 2019ರಲ್ಲಿ ಅವರು ತರಬೇತಿ ನೀಡಿದ ಬೆಂಗಾಲ್ ವಾರಿಯರ್ಸ್ ತಂಡ ಲೀಗನ್ನು ಗೆದ್ದಿತು. 2024ರ ಮಾರ್ಚ್ 1ರಂದು ಅವರ ಇನ್ನೊಂದು ತಂಡವಾದ ಪುಣೇರಿ ಪಲ್ಟನ್, ಹರಿಯಾಣದ ತಂಡವನ್ನು 28–25ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ತಾವು ಆಡುತ್ತಿದ್ದ ಕಾಲದಲ್ಲಿ ಇಲ್ಲದಿದ್ದ ಲೀಗಿನಲ್ಲಿ, ತಮಗೆ ದೊರೆಯದಿದ್ದ ಸಂಪಾದನೆಯನ್ನು ಪಡೆಯುತ್ತಿರುವ ಯುವಕರಿಗೆ, ಅವರು ತಾವು ಕಲಿತುದನ್ನೆಲ್ಲ ಕಲಿಸಿದರು.

ಮಹಿಳೆಯರ ತಂಡವೂ ಜಕಾರ್ತದ ಸೋಲಿನಿಂದ ಚೇತರಿಸಿಕೊಂಡಿತು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ನಗರದಲ್ಲಿ ಚೈನೀಸ್ ತೈಪೆ ತಂಡದ ಮೇಲೆ 26–25ರ ಗೆಲುವು ದೊರೆತು, ಏಷ್ಯನ್ ಕ್ರೀಡಾಕೂಟದ ಸ್ವರ್ಣ ಮತ್ತೆ ಭಾರತಕ್ಕೆ ಬಂದಿತು. ಪಟ್ನಾದ ಪಂದ್ಯಾವಳಿಯ ಬಳಿಕ ಹದಿಮೂರು ವರ್ಷಗಳ ಅನಂತರ, 2025ರ ನವೆಂಬರ್ ತಿಂಗಳಿನಲ್ಲಿ, ಮಹಿಳೆಯರ ಎರಡನೆಯ ವಿಶ್ವಕಪ್ ಢಾಕಾದಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತವು ಚೈನೀಸ್ ತೈಪೆಯನ್ನು 35–28ರಿಂದ ಸೋಲಿಸಿತು. ಆ ತಂಡದ ಮುಖ್ಯ ತರಬೇತುದಾರರು ತೇಜಸ್ವಿನಿ ಬಾಯಿ. ಗುವಾಂಗ್‌ಝೌನಲ್ಲಿ ಅಂಕಣದೊಳಗಿದ್ದವರು ಢಾಕಾದಲ್ಲಿ ಗೆರೆಯ ಹೊರಗಿದ್ದರು.